ಬ್ಯಾಸಗಿ ಬಂತಂದ್ರ ಗ್ಯಾಸ್ ಖಾಲಿ ಯಾಕ ಆಗತೈತ್ರಿ?

ಅಕ್ಕಾರ, ತಂಗ್ಯಾರ, ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಹೆಂಗಿರತೈತಿ ಅಂತ ನಿಮಗ ಹೇಳಬೇಕಾಗಿಲ್ಲ. ಮಧ್ಯಾಹ್ನ ಕೊಪ್ಪಳದಿಂದ ಕುಷ್ಟಗಿಗೆ ಹೋಗೂವಾಗ ವಯಸ್ಸಾದ ಅತ್ತಿ, ಸಣ್ಣ ಕೂಸು ಜೊತಿಗಿದ್ರ ಕಾರಿನ ಎ.ಸಿ. ಶೋಕಿ ಅಲ್ಲ. ಆದ್ರ ತಣ್ಣಗಾಗವಲ್ದು ಅಂತ ಗ್ಯಾರೇಜಿಗೆ ಒಯ್ದ್ರ ಬಾನೆಟ್ ಎತ್ತೂಕಿಂತ ಮೊದಲ ಒಂದ ಮಾತು: "ಗ್ಯಾಸ್ ಖಾಲಿ ಆಗೇತ್ರಿ." ನಮ್ಮನಿಗೂ ಎರಡು ಬ್ಯಾಸಗಿ ಇದನ್ನ ಹೇಳಿ ರೊಕ್ಕ ಇಸ್ಕೊಂಡ್ರು.

ಎ.ಸಿ. ಗ್ಯಾಸು ಒಲಿ ಸಿಲಿಂಡರ್ ಅಲ್ಲ, ಉರದು ಮುಗಿಯಂಗಿಲ್ಲ. ಫ್ರಿಜ್ಜಿಗೆ ವರ್ಷಾ ಗ್ಯಾಸ್ ತುಂಬಸ್ತೀರೇನು? ಇದೂ ಹಂಗ, ಮುಚ್ಚಿದ ಪೈಪಿನೊಳಗ ತಿರುಗತಿರತೈತಿ. ಒಂದ ವರ್ಷಕ್ಕ ಖಾಲಿ ಅಂದ್ರ ಎಲ್ಲೋ ಸೋರಾಕತ್ತೈತಿ. ಅದನ್ನ ಹುಡುಕದ ತುಂಬೂದು ತೂತಿನ ಕೊಡಕ್ಕ ನೀರು ಹಾಕಿದಂಗ.

ಇನ್ನ ಬೆಲ್ಟು. ಗ್ಯಾಸ್ ತಿರುಗಸೂದು ಕಂಪ್ರೆಸರ್, ಅದನ್ನ ತಿರುಗಸೂದು ಎಂಜಿನ್ನಿನ ರಬ್ಬರ್ ಬೆಲ್ಟು. ಹಿಟ್ಟಿನ ಗಿರಣಿ ಬೆಲ್ಟು ಸಡ್ಲಾದ್ರ ಜಾರಿ ಕಿರ್ ಅಂತೈತಿ, ಕಲ್ಲು ಜೋರು ತಿರುಗಂಗಿಲ್ಲ. ಕಾರಿನ್ಯಾಗೂ ಅದ. ಎ.ಸಿ. ಹಚ್ಚಿದ ಕೂಡ್ಲೆ ಕಿರುಚಿದ್ರ, ಬೆಲ್ಟಿಗೆ ಸೀಳು ಬಿಟ್ಟಿದ್ರ, ಗಾಜಿನಂಗ ನುಣ್ಣಗಾಗಿದ್ರ ಬೆಲ್ಟು, ಅದನ್ನ ಬಿಗಿ ಹಿಡಿಯೂ ಟೆನ್ಶನರ್ ನೋಡಸ್ರಿ. ಬಾಳ ಗಾಡ್ಯಾಗ ಆಲ್ಟರ್ನೇಟರಿಗೂ ಅದ ಬೆಲ್ಟು, ಕೆಲವಕ್ಕ ನೀರಿನ ಪಂಪಿಗೂ. ಹರದ್ರ ಬ್ಯಾಟರಿ ಚಾರ್ಜ್ ನಿಂತು, ಎಂಜಿನ್ ಕಾದು, ನಡುದಾರ್ಯಾಗ ಬಿಸಿಲಿಗೆ ನಿಲ್ಲಬೇಕಾಗತೈತಿ.

"ಕಂಪ್ರೆಸರ್ ಹೋಗೇತಿ" ಅಂದ್ರ ಇನ್ನೂ ಹುಷಾರ್, ಅದು ದೊಡ್ಡ ಖರ್ಚು. ಕ್ಲಚ್ ಇರೂ ಕಂಪ್ರೆಸರ್ ಆದ್ರ ಎ.ಸಿ. ಹಚ್ಚಿದಾಗ "ಟಕ್" ಅಂದು ಮುಂದಿನ ತಟ್ಟಿ ಗಾಲಿ ಜೊತಿಗೆ ತಿರುಗಬೇಕು. ತಿರುಗಲಿಲ್ಲಂದ್ರ ಮೊದಲ ಫ್ಯೂಸ್, ರಿಲೇ, ಗ್ಯಾಸಿನ ಒತ್ತಡ ನೋಡ್ಲಿ. ಗ್ಯಾಸ್ ಬಾಳ ಕಡಿಮಿ ಆದ್ರ ಕಂಪ್ರೆಸರ್ ಚಲೋ ಇದ್ರೂ ತಿರುಗಂಗಿಲ್ಲ. ಓಡೂವಾಗ ತಣ್ಣಗ, ನಿಂತಾಗ ಬಿಸಿ ಗಾಳಿ ಅಂದ್ರ ಮುಂದಿನ ಫ್ಯಾನ್ ನೋಡಸ್ರಿ, ಕಂಡೆನ್ಸರಿಗೆ ಹತ್ತಿದ ಧೂಳು ತೊಳಸ್ರಿ. ನಮ್ಮ ದಾರಿ ಧೂಳು ಕಡಿಮೇನು? ಎಂಜಿನ್ ಚಾಲೂ ಇದ್ದಾಗ ಕೈ ಹಾಕಬ್ಯಾಡ್ರಿ. ಸೆರಗು, ಜಡಿ ಸಿಗಸ್ಕೊಂಡು ದೂರ ನಿಂತು ನೋಡ್ರಿ.

ಎಲ್ಲಾ ಮೆಕ್ಯಾನಿಕ್ಕರು ಸುಳ್ಳ ಹೇಳ್ತಾರಂತ ಅಲ್ಲ. "ಹೆಣ್ಮಕ್ಕಳಿಗೆ ಗಾಡಿ ಏನ್ ತಿಳಿತೈತಿ" ಅನ್ನೂ ಮಾತಿಗೆ ನನ್ನ ಸಿಟ್ಟು. ಕುಕ್ಕರ್ ಸೀಟಿ ಹೊಡಿಲಿಲ್ಲಂದ್ರ ನಾವು ಗ್ಯಾಸ್ಕೆಟ್ ನೋಡ್ತೀವಿ, ಹೊಸಾ ಕುಕ್ಕರ್ ತರಂಗಿಲ್ಲ. ಅಷ್ಟ ಬುದ್ಧಿ ಇಲ್ಲೂ ಸಾಕು. ಎಲ್ಲಿ ಸೋರಾಕತ್ತೈತಿ ತೋರಸ್ರಿ, ಬೆಲ್ಟ್ ತೋರಸ್ರಿ, ಬಿಚ್ಚಿದ ಹಳೇ ಸಾಮಾನ ಕೈಗೆ ಕೊಡ್ರಿ ಅಂತ ಕೇಳ್ರಿ. ತೋರಸಲಿಲ್ಲಂದ್ರ ರೊಕ್ಕದ ಚೀಲ ಬಿಚ್ಚಬ್ಯಾಡ್ರಿ.