ಜನ ಮೆಚ್ಚಿದ್ದು ಕಲೆಯಾಗಬಾರದೇ?

ಚಿತ್ರಮಂದಿರ ತುಂಬಿಸುವ ನಿರ್ದೇಶಕರನ್ನು ಕಲಾವಿದರ ಸಾಲಿನಲ್ಲಿ ಕೂರಿಸಲು ನಾವು ಹಿಂದೆಮುಂದೆ ನೋಡುತ್ತೇವೆ. ಸ್ಟೀವನ್ ಸ್ಪೀಲ್‌ಬರ್ಗ್ ಈ ಅನುಮಾನವನ್ನು ಬಹುಕಾಲ ಹೊತ್ತವರು. 1975ರ ಶಾರ್ಕ್ ಚಿತ್ರ 'ಜಾಸ್' ಅವರನ್ನು ಮನೆಮಾತಾಗಿಸಿತು. ನಿರ್ದೇಶನಕ್ಕೆ ಮೊದಲ ಆಸ್ಕರ್ ಸಿಕ್ಕಿದ್ದು 1993ರ 'ಷಿಂಡ್ಲರ್ಸ್ ಲಿಸ್ಟ್' ಚಿತ್ರಕ್ಕೆ. ಗಂಭೀರ ವಸ್ತು ಎತ್ತಿಕೊಂಡ ಮೇಲಷ್ಟೇ ಅವರು ಕಲಾವಿದರಾದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

'ಜಾಸ್' ಚಿತ್ರೀಕರಣ ನಡೆದದ್ದು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿಯ ಸಮುದ್ರದಲ್ಲಿ. ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದಾಗಲೆಲ್ಲ ಕೆಟ್ಟು ನಿಲ್ಲುತ್ತಿತ್ತು. 55 ದಿನಗಳ ಕೆಲಸ 159 ದಿನಗಳಿಗೆ ಎಳೆಯಿತು. ಶಾರ್ಕ್ ಇಲ್ಲದೆಯೇ ಅದರ ಭಯ ಹುಟ್ಟಿಸಬೇಕಾಯಿತು. ನೀರಿನ ಮೇಲೆ ಓಡುವ ಹಳದಿ ಪೀಪಾಯಿಗಳು, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳು ಆ ಕೆಲಸ ಮಾಡಿದವು. ಕಡಲತೀರದ ದೃಶ್ಯವನ್ನೇ ನೋಡಿ. ಪೊಲೀಸ್ ಅಧಿಕಾರಿ ಬ್ರೋಡಿ ದಡದಲ್ಲಿ ಕೂತು ನೀರನ್ನೇ ದಿಟ್ಟಿಸುತ್ತಿದ್ದಾನೆ. ಕ್ಯಾಮೆರಾದ ಮುಂದೆ ಯಾರೋ ಹಾದುಹೋಗುತ್ತಾರೆ; ಅವರು ಸರಿದಾಗ ಬ್ರೋಡಿಯ ಮುಖ ಇನ್ನಷ್ಟು ಹತ್ತಿರವಾಗಿದೆ. ಮತ್ತೊಬ್ಬರು ಹಾದುಹೋಗುತ್ತಾರೆ, ಮುಖ ಮತ್ತೂ ಹತ್ತಿರ. ಕತ್ತರಿ ಪ್ರಯೋಗ ಕಣ್ಣಿಗೆ ಬೀಳುವುದೇ ಇಲ್ಲ, ಆತಂಕ ಮಾತ್ರ ಏರುತ್ತದೆ. ನೋಡುಗನ ಕಲ್ಪನೆಯನ್ನು ಇಷ್ಟು ನಂಬಿ ದುಡಿಸಿಕೊಳ್ಳುವುದು ಕಲೆಯಲ್ಲದೆ ಮತ್ತೇನು?

ಸ್ಪೀಲ್‌ಬರ್ಗ್ ನಮ್ಮ ಭಾವನೆಗಳನ್ನು ಬಲವಂತವಾಗಿ ಹಿಂಡುತ್ತಾರೆ ಎಂಬ ಆಕ್ಷೇಪವಿದೆ. ಅದು ಪೂರ್ತಿ ಸುಳ್ಳಲ್ಲ. 'ಷಿಂಡ್ಲರ್ಸ್ ಲಿಸ್ಟ್'ನಲ್ಲಿ ನಾಜಿಗಳು ಕ್ರಾಕೋವ್‌ನ ಯಹೂದಿ ಕೇರಿಯನ್ನು ಬರಿದು ಮಾಡುವ ದೃಶ್ಯವನ್ನು ಕಪ್ಪು ಬಿಳುಪಿನಲ್ಲಿ, ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕದಲ್ಲಿ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಆದರೂ ಕೊನೆಯಲ್ಲಿ, ಯಹೂದಿಗಳ ಜೀವ ಉಳಿಸಿದ ಉದ್ಯಮಿ ಷಿಂಡ್ಲರ್ ತನ್ನ ಕಾರು, ಚಿನ್ನದ ಪಿನ್ನು ತೋರಿಸಿ, ಇವನ್ನು ಮಾರಿದ್ದರೆ ಇನ್ನೆಷ್ಟು ಜೀವ ಉಳಿಸಬಹುದಿತ್ತೆಂದು ಬಿಕ್ಕಿ ಬಿಕ್ಕಿ ಅಳುತ್ತಾನೆ. ನಾವು ಆಗಲೇ ಅರಿತದ್ದನ್ನು ಬಾಯಿಬಿಟ್ಟು ಹೇಳಿಸುವ ಆ ದೃಶ್ಯ ಚಿತ್ರದ ತೂಕ ತಗ್ಗಿಸುತ್ತದೆ.

ಅದೇ 1993ರಲ್ಲಿ ಬಂದ 'ಜುರಾಸಿಕ್ ಪಾರ್ಕ್' ಈ ತಪ್ಪು ಮಾಡುವುದಿಲ್ಲ. ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಸುಮಾರು 15 ನಿಮಿಷ ಮಾತ್ರ. ಕಾರಿನಲ್ಲಿಟ್ಟ ಲೋಟದ ನೀರು ಮೆಲ್ಲಗೆ ಅದುರುತ್ತದೆ. ದೈತ್ಯ ಬರುತ್ತಿದೆಯೆಂದು ತಿಳಿಯಲು ಅಷ್ಟು ಸಾಕು. ಮಕ್ಕಳು ಮುಗಿಬಿದ್ದು ನೋಡಿದ ಚಿತ್ರದಲ್ಲಿ ಈ ಸಂಯಮವಿದೆ, ಪ್ರಶಸ್ತಿ ಗೆದ್ದ ಚಿತ್ರದ ಕೊನೆಯಲ್ಲಿ ಇಲ್ಲ. ಹಾಗಾಗಿ ಕಲೆಯನ್ನು ಕೆಡಿಸುವುದು ಜನಪ್ರಿಯತೆಯಲ್ಲ, ನೋಡುಗನ ಮೇಲಿನ ಅಪನಂಬಿಕೆ. ಸ್ಪೀಲ್‌ಬರ್ಗ್ ಅವರ ದೊಡ್ಡ ಚಿತ್ರ ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂಜರಿಯದೆ 'ಜಾಸ್' ಎನ್ನುತ್ತೇನೆ.