ಟಿಕೆಟ್ ಕೊಳ್ಳದವರು ಸ್ಟಾರ್ ಹಂಚಬೇಡಿ

ಶುಕ್ರವಾರ ರಾತ್ರಿ ಎಂಟರ ಮೇಲೆ ನಮ್ಮ ಫೋನಿಗೆ ಊರಿನ ಕರೆಗಳು ಶುರುವಾಗುತ್ತವೆ. ಮಾವಂದಿರು, ಅಣ್ಣತಮ್ಮಂದಿರು, ಹೈಸ್ಕೂಲಿನ ಗೆಳೆಯರು. ಎಲ್ಲರದ್ದೂ ಒಂದೇ ಪ್ರಶ್ನೆ: 'ಪಿಚ್ಚರ್ ಹೆಂಗೈತಪ್ಪಾ? ಬರಬೌದಾ, ಇಲ್ಲ ದುಡ್ಡು ದಂಡವಾ?'

ಕ್ಯಾಮೆರಾ ಕೆಲಸ ಹೇಗಿದೆ, ನಿರ್ದೇಶಕರು ಏನು ಹೇಳಲು ಹೊರಟಿದ್ದಾರೆ ಅಂತ ಯಾರೂ ಮೊದಲು ಕೇಳುವುದಿಲ್ಲ. ಅದೆಲ್ಲ ಆಮೇಲಿನ ಮಾತು. ಮೊದಲು ದುಡ್ಡು. ಶನಿವಾರದ ಪತ್ರಿಕೆ ತೆಗೆದು ನೋಡಿ, ಯೂಟ್ಯೂಬ್ ಹಾಕಿ ನೋಡಿ. ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಇರುವುದಿಲ್ಲ. ಮೂರೂವರೆ ಸ್ಟಾರ್ ಇರುತ್ತದೆ, 'ಒಮ್ಮೆ ನೋಡಬಹುದು' ಅಂತ ಇರುತ್ತದೆ. ಎಷ್ಟು ಕೊಟ್ಟು ನೋಡಬಹುದು ಅಂತ ಇರುವುದಿಲ್ಲ.

ಇದಕ್ಕೆ ಕಾರಣ ತುಂಬಾ ಸರಳ. ಬರೆದವರು ದುಡ್ಡು ಕೊಟ್ಟಿಲ್ಲ.

ಇದನ್ನು ದೂರ ನಿಂತು ಹೇಳುತ್ತಿಲ್ಲ. ನಾವೂ ಅದೇ ಸಾಲಿನಲ್ಲಿ ಕೂತವರು. ನಾವು ಮಾಗಡಿ, ರಾಮನಗರ ಕಡೆಯ ಬಿಡಿ ಸುದ್ದಿಗಾರರು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಹತ್ತು ವರ್ಷ ದಾಟಿದೆ. ವಾರವಿಡೀ ಗ್ರಾಮಸಭೆ, ಎಪಿಎಂಸಿ, ಚಿರತೆ ಬಂತು, ಆನೆ ಹೋಯ್ತು ಅಂತ ಬರೆಯುತ್ತೇವೆ. ಶುಕ್ರವಾರ ಬಂದರೆ ಸಿನಿಮಾ ಪುಟಕ್ಕೂ ಬರೆಯುತ್ತೇವೆ. ಡೆಸ್ಕಿನಲ್ಲಿ ಜನ ಕಡಿಮೆ, ನಾವು ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದೇವೆ, ಮೆಟ್ರೊ ಹತ್ತಿದರೆ ವಿಜಯನಗರ ಹತ್ತಿರ. ವಿಮರ್ಶಕರಾಗಲು ನಮಗಿದ್ದ ಅರ್ಹತೆ ಇಷ್ಟೇ.

ಒಂದು ತಪ್ಪು ಒಪ್ಪಿಕೊಂಡೇ ಮುಂದೆ ಹೋಗುತ್ತೇವೆ.

ಒಂದು ಮಾಲಿನಲ್ಲಿ ಪ್ರೆಸ್ ಶೋ. ಸಿನಿಮಾಗೆ ಮೊದಲು ಊಟ. ಬಾಗಿಲಲ್ಲಿ ನಿರ್ಮಾಪಕರೇ ನಿಂತು ಎರಡೂ ಕೈ ಹಿಡಿದು, 'ಮನೆ ಅಡ ಇಟ್ಟಿದ್ದೀನಿ ಸಾರ್, ಸ್ವಲ್ಪ ನೋಡ್ಕೊಂಡು ಬರೀರಿ' ಅಂದರು. ಹೊರಗೆ ಬರುವಾಗ ಒಂದು ಚೀಲ, ಚೀಲದಲ್ಲಿ ಒಂದು ಕವರ್. ಕವರ್ ವಾಪಸ್ ಕೊಟ್ಟೆವು. ಊಟ ವಾಪಸ್ ಕೊಡಲಾಗಲಿಲ್ಲ. ಆ ಮನುಷ್ಯರ ಮುಖ ಮರೆಯಲೂ ಆಗಲಿಲ್ಲ. ಎರಡು ಸ್ಟಾರಿನ ಸಿನಿಮಾಗೆ ಮೂರು ಬರೆದೆವು.

ಭಾನುವಾರ ನಮ್ಮಲ್ಲೊಬ್ಬರ ಚಿಕ್ಕಪ್ಪ ಅದನ್ನು ಓದಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಂದ ಬಂದರು. ಚಿಕ್ಕಮ್ಮನಿಗೂ ಮಗಳಿಗೂ ಬಸ್ಸು ಫ್ರೀ. ನಾಲ್ಕು ಟಿಕೆಟ್ಟಿಗೆ ಸಾವಿರ ರೂಪಾಯಿ. ಮಕ್ಕಳು ಕೇಳಿದ ಪಾಪ್‌ಕಾರ್ನು, ನೀರು ಸೇರಿ ನಾನೂರು. ಒಟ್ಟು 1,400. ಚಿಕ್ಕಪ್ಪ ಡೇರಿಗೆ ಹಾಲು ಹಾಕುವವರು. ಲೀಟರಿಗೆ 35 ರೂಪಾಯಿ ಅಂತ ಇಟ್ಟುಕೊಂಡರೂ ಅದು ನಲವತ್ತು ಲೀಟರ್ ಹಾಲು. ಇಂಟರ್‌ವಲ್‌ನಲ್ಲಿ ಫೋನ್ ಮಾಡಿ ಒಂದೇ ಮಾತು ಕೇಳಿದರು: 'ಅಲ್ಲ ಕಣೋ, ನೀನು ಬರ್ದಿದ್ದು ಇದೇ ಪಿಚ್ಚರ್ ಬಗ್ಗೇನಾ?'

ಬೈದಿದ್ದರೆ ಮರೆತುಹೋಗುತ್ತಿತ್ತು. ಅವರು ಬೈಯಲಿಲ್ಲ. ನಾವು ಪುಕ್ಕಟೆಯಾಗಿ ಕೊಟ್ಟ ಒಂದು ಸ್ಟಾರಿಗೆ ಅವರು ನಲವತ್ತು ಲೀಟರ್ ಹಾಲು ಅಳೆದರು. ಆ ಲೆಕ್ಕ ನಮ್ಮ ತಲೆಯಿಂದ ಇವತ್ತಿಗೂ ಹೋಗಿಲ್ಲ. ಈ ಬರಹಕ್ಕೂ ಅದೇ ಕಾರಣ.

'ಸಿನಿಮಾ ಕಲೆ ಕಣ್ರೀ, ಆಲೂಗಡ್ಡೆ ಅಲ್ಲ. ಅದರ ಪಕ್ಕ ಬೆಲೆಚೀಟಿ ಯಾಕೆ?' ಅಂತ ನಗರದ ಹಿರಿಯ ವಿಮರ್ಶಕರು ಕೇಳುತ್ತಾರೆ. ಕಲೆ ಅಂತ ನಾವೂ ಒಪ್ಪುತ್ತೇವೆ. ಆದರೆ ಬೆಲೆ ಬದಲಾದರೆ ನೋಡುವ ಕಣ್ಣೂ ಬದಲಾಗುತ್ತದೆ. ರಾಜಾಜಿನಗರದ ಒರಾಯನ್ ಮಾಲಿನಲ್ಲಿ 2025ರ ಮಾರ್ಚಿನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯಿತು. ಎಂಟು ದಿನಕ್ಕೆ ಪಾಸ್ 800 ರೂಪಾಯಿ, ವಿದ್ಯಾರ್ಥಿಗಳಿಗೆ 400. ದಿನಕ್ಕೆ ಮೂರು ನಾಲ್ಕು ಸಿನಿಮಾ ನೋಡಬಹುದು. ಅಲ್ಲಿ ಒಂದು ಸಿನಿಮಾ ಹಿಡಿಸದಿದ್ದರೆ ಎದ್ದು ಪಕ್ಕದ ಸ್ಕ್ರೀನಿಗೆ ಹೋಗುತ್ತೇವೆ, ಸಿಟ್ಟು ಬರುವುದಿಲ್ಲ. ಅದೇ ಮಾಲಿನಲ್ಲಿ ಮುನ್ನೂರು ಕೊಟ್ಟು ಕೂತವರು ನಿಧಾನದ ಸಿನಿಮಾವನ್ನು ಅಷ್ಟು ಸಲೀಸಾಗಿ ಕ್ಷಮಿಸುವುದಿಲ್ಲ. ಕ್ಷಮಿಸಬೇಕು ಅಂತ ಉಪದೇಶ ಮಾಡುವ ಹಕ್ಕು ಪಾಸಿನವರಿಗೆ ಇಲ್ಲ.

ಇನ್ನು ಬಾಗಿಲ ವಿಚಾರ. ಮಾಗಡಿಯಿಂದ ಬಸ್ಸು ಹತ್ತಿದ ನಮ್ಮೂರ ಜನ ಇಳಿಯುವುದೇ ಮಾಗಡಿ ರಸ್ತೆಯಲ್ಲಿ. 2024ರ ಜುಲೈನಲ್ಲಿ ಆ ರಸ್ತೆಯ ಜಿ.ಟಿ. ವರ್ಲ್ಡ್ ಮಾಲಿನಲ್ಲಿ ಏನಾಯಿತು ಅಂತ ನೀವು ಫೋನಿನಲ್ಲೇ ನೋಡಿದ್ದೀರಿ. ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾಗೆ ಬಂದಿದ್ದರು. ಮಗ ಟಿಕೆಟ್ ಮಾಡಿಸಿಟ್ಟಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ವಿಡಿಯೊ ಹರಿದಾಡಿತು, ರೈತ ಸಂಘಟನೆಗಳು, ಕನ್ನಡ ಸಂಘಟನೆಗಳು ಹೋಗಿ ಕೂತವು, ಮಾಲಿನವರು ಕ್ಷಮೆ ಕೇಳಿದರು. ಏಳು ದಿನ ಮಾಲು ಮುಚ್ಚಿಸುತ್ತೇವೆ ಅಂತ ಸರ್ಕಾರ ಸದನದಲ್ಲಿ ಹೇಳಿತು. ಆಸ್ತಿ ತೆರಿಗೆ ಬಾಕಿಯ ಲೆಕ್ಕ ತೆಗೆದು ಪಾಲಿಕೆಯವರು ಬೀಗವನ್ನೂ ಹಾಕಿದರು.

ಎಲ್ಲರೂ ಅದನ್ನು ಪಂಚೆಯ ಸುದ್ದಿ ಅಂದರು. ನಮಗೆ ಅದು ಸಿನಿಮಾ ಸುದ್ದಿಯೂ ಹೌದು. ಟಿಕೆಟ್ ಕೊಂಡ ಪ್ರೇಕ್ಷಕರು ಬಾಗಿಲಲ್ಲಿ ನಿಂತಿದ್ದರು. ಮಾಲುಗಳ ಅಂಥ ಬಾಗಿಲುಗಳಲ್ಲೇ ಪ್ರತಿ ವಾರ ಟಿಕೆಟ್ ಕೊಳ್ಳದ ನಮ್ಮಂಥವರು ಕೊರಳಿಗೆ ಕಾರ್ಡು ಹಾಕಿಕೊಂಡು ನಗುನಗುತ್ತಾ ಒಳಗೆ ಹೋಗುತ್ತೇವೆ. ಸಿನಿಮಾ ನೋಡಿದ ಅನುಭವ ಅಂತ ಬರೆಯುವಾಗ ಬಾಗಿಲು, ಬೆಲೆ, ನೀರಿನ ಬಾಟ್ಲಿ ಯಾವುದೂ ಅದರಲ್ಲಿ ಬರುವುದಿಲ್ಲ. ನಮಗೆ ಅವು ಎದುರಾಗಿದ್ದರೆ ತಾನೆ ಬರಬೇಕು!

ಬೆಲೆಯ ಕಥೆ ನಿಮಗೆ ಗೊತ್ತಿರಲಿ. ಮಲ್ಟಿಪ್ಲೆಕ್ಸ್ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ರಾಜ್ಯ ಸರ್ಕಾರ 2017ರಲ್ಲೇ ಆದೇಶ ಮಾಡಿತ್ತು. 2025ರ ಸೆಪ್ಟೆಂಬರ್ 12ರಂದು ಮತ್ತೆ ನಿಯಮ ತಂದಿತು. ತೆರಿಗೆ ಬಿಟ್ಟು 200 ರೂಪಾಯಿ, 75 ಸೀಟಿಗಿಂತ ಹೆಚ್ಚಿಲ್ಲದ ಪ್ರೀಮಿಯಂ ತೆರೆಗಳಿಗೆ ಮಾತ್ರ ವಿನಾಯಿತಿ. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು. ಹನ್ನೊಂದೇ ದಿನಕ್ಕೆ, ಸೆಪ್ಟೆಂಬರ್ 23ರಂದು, ತಡೆಯಾಜ್ಞೆ ಬಂತು. ಮುಂದೆ ದುಡ್ಡು ವಾಪಸ್ ಕೊಡಬೇಕಾದೀತು, ಟಿಕೆಟ್ ಮಾರಿದ್ದಕ್ಕೆ ಲೆಕ್ಕ ಇಟ್ಟುಕೊಳ್ಳಿ ಅಂತ ವಿಭಾಗೀಯ ಪೀಠ ಹೇಳಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನೂ ತಡೆಯಿತು. ಆದರೆ ನೀರಿನ ಬಾಟ್ಲಿಗೆ ನೂರು, ಕಾಫಿಗೆ ಏಳುನೂರು ತೆಗೆದುಕೊಂಡರೆ ಜನ ಬರುವುದು ನಿಲ್ಲಿಸುತ್ತಾರೆ ಅನ್ನುವ ಎಚ್ಚರಿಕೆಯೂ ಅದೇ ಪೀಠದಿಂದ ಬಂತು.

ತೆರಿಗೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 5. ನೂರು ದಾಟಿದರೆ ಶೇ 18. ಅಗ್ಗದ ಟಿಕೆಟ್ಟಿನ ಹಳೇ ಟಾಕೀಸುಗಳಿಗೆ ಇದು ಒಳ್ಳೆಯ ಸುದ್ದಿ. ನೂರು ರೂಪಾಯಿಯೊಳಗೆ ಸಿನಿಮಾ ತೋರಿಸುವ ಟಾಕೀಸು ನಿಮ್ಮ ಹತ್ತಿರ ಯಾವುದಿದೆ ಅಂತ ಶುಕ್ರವಾರದ ಯಾವ ವಿಮರ್ಶೆ ಹೇಳುತ್ತದೆ? ನ್ಯಾಯಮೂರ್ತಿಗಳು ಕಾಫಿ ಬೆಲೆ ಕೇಳುತ್ತಾರೆ, ಸಿನಿಮಾ ಬಗ್ಗೆಯೇ ಬರೆಯುವ ನಾವು ಕೇಳುವುದಿಲ್ಲ.

ಈಗ ನಮ್ಮ ಕಡೆಯ ಸಂಕಟವನ್ನೂ ಕೇಳಿ. ನಮ್ಮಂಥ ಬಿಡಿ ಸುದ್ದಿಗಾರರಿಗೆ ಒಂದು ವಿಮರ್ಶೆಗೆ ಸಿಗುವುದು ಇನ್ನೂರೈವತ್ತು ರೂಪಾಯಿ, ಅದೂ ಅಚ್ಚಾದ ಮೇಲೆ, ಅದೂ ಎರಡು ಮೂರು ತಿಂಗಳಿಗೆ. ಮಲ್ಟಿಪ್ಲೆಕ್ಸ್ ಟಿಕೆಟ್ ಮುನ್ನೂರು. ಸ್ವಂತ ದುಡ್ಡಲ್ಲಿ ನೋಡಿ ಪ್ರಾಮಾಣಿಕವಾಗಿ ಬರೆದರೆ ಐವತ್ತು ರೂಪಾಯಿ ಕೈಯಿಂದ ಹೋಗುತ್ತದೆ, ಮೆಟ್ರೊ ಬೇರೆ. ಇದರ ಮಧ್ಯೆ ಹಬ್ಬಕ್ಕೆ ಜಾಹೀರಾತು ತರಬೇಕು, ಪಿಎಫ್ ಇಲ್ಲ, ನೇಮಕಾತಿ ಪತ್ರವೂ ಇಲ್ಲ. ಹೀಗಿರುವಾಗ ಪ್ರೆಸ್ ಶೋಗೆ ಹೋಗುವವರನ್ನು ಕಳ್ಳರು ಅಂತ ಕರೆಯಲು ನಮಗೆ ಬಾಯಿ ಬರುವುದಿಲ್ಲ.

ಆದರೆ ಸಂಕಟ ನಿಜ ಅಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ವಿಮರ್ಶಕರ ಟಿಕೆಟ್ಟಿನ ದುಡ್ಡನ್ನು ಯಾರಾದರೂ ಕೊಡಲೇಬೇಕು. ಪತ್ರಿಕೆ ಕೊಡದಿದ್ದರೆ ನಿರ್ಮಾಪಕರು ಕೊಡುತ್ತಾರೆ. ನಿರ್ಮಾಪಕರು ಕೊಟ್ಟರೆ ಆ ದುಡ್ಡು ಕೊನೆಗೆ ಬರುವುದು ನಮ್ಮ ಚಿಕ್ಕಪ್ಪನ ಹಾಲಿನಿಂದಲೇ. ಆದ್ದರಿಂದ ಜಗಳ ಆಡಬೇಕಾದ್ದು ಪಕ್ಕದ ಸೀಟಿನ ವರದಿಗಾರನ ಜೊತೆ ಅಲ್ಲ. ಸಿನಿಮಾ ಪುಟದಲ್ಲಿ ಪೂರ್ತಿ ಪುಟದ ಜಾಹೀರಾತು ತೆಗೆದುಕೊಂಡು, ಅದರ ಕೆಳಗೆ ವಿಮರ್ಶೆ ಹಾಕಿ, ಟಿಕೆಟ್ಟಿಗೆ ಮುನ್ನೂರು ಕೊಡದ ಆಡಳಿತ ಮಂಡಳಿಗಳ ಜೊತೆ.

ಗಾಂಧಿನಗರದ ಮಂದಿಗೂ ಒಂದು ಮಾತು. ಸುಳ್ಳು ಖಾತೆಗಳಿಂದ ಬೇಕಂತಲೇ ಸಿನಿಮಾ ಕೊಲ್ಲುತ್ತಾರೆ ಅನ್ನುವ ನಿಮ್ಮ ದೂರು ಸುಳ್ಳಲ್ಲ. 2025ರ ಡಿಸೆಂಬರಿನಲ್ಲಿ 'ದಿ ಡೆವಿಲ್' ಬಿಡುಗಡೆಯಾದಾಗ ಕೋರ್ಟ್ ಆದೇಶದ ಮೇಲೆ ಬುಕ್‌ಮೈಶೋದಲ್ಲಿ ಅದರ ರೇಟಿಂಗ್, ವಿಮರ್ಶೆ ಎರಡನ್ನೂ ಮುಚ್ಚಲಾಯಿತು. ಅಲ್ಲಿ ಸುಳ್ಳು ಖಾತೆಯವರು ಬರೆಯುತ್ತಾರೆ, ನಿಜ. ದುಡ್ಡು ಕೊಟ್ಟು ನೋಡಿದವರೂ ಅಲ್ಲೇ ಬರೆಯುತ್ತಾರೆ. ಇಬ್ಬರ ಬಾಯಿಯನ್ನೂ ಒಟ್ಟಿಗೆ ಕಟ್ಟಿದರೆ ಉಳಿಯುವುದು ಪ್ರೆಸ್ ಶೋದವರ ಮಾತು ಮಾತ್ರ. ಕಳೆ ಬಂತು ಅಂತ ಪೈರನ್ನೂ ಸೇರಿಸಿ ಉಳುವವರು ಉಂಟೇ?

ಜನರ ಬಾಯಿಗೆ ಹೆದರಬೇಕಾದ ಕಾರಣವೂ ಇಲ್ಲ. 2025ರ ಜುಲೈ 25ರಂದು 'ಸು ಫ್ರಮ್ ಸೋ' ಬಂತು. ಜೆ.ಪಿ. ತುಮಿನಾಡು ನಿರ್ದೇಶನ, ಕರಾವಳಿಯ ಒಂದು ಹಳ್ಳಿಯ ಕಥೆ. ಕಟೌಟ್ ಹಾಕುವಂಥ ಸ್ಟಾರ್ ಇಲ್ಲ, ಭಾರೀ ಪ್ರಚಾರ ಇಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಎರಡೇ ದಿನದಲ್ಲಿ ಟಿಕೆಟ್ ಸಿಗದ ಹಾಗಾಯಿತು. ಆ ಶುಕ್ರವಾರ ನಮ್ಮ ಫೋನಿಗೂ ಕರೆ ಬಂತು, ಆದರೆ ಪ್ರಶ್ನೆ ತಿರುಗಿತ್ತು: 'ಇನ್ನೂ ನೋಡಿಲ್ವಾ? ಹೋಗಿ ನೋಡ್ರಪ್ಪಾ ಮೊದ್ಲು!'

ಹಳ್ಳಿಯವರಿಗೆ ಸಿನಿಮಾ ತಿಳಿಯುವುದಿಲ್ಲ, ಹೊಡೆದಾಟ ಇದ್ದರೆ ಸಾಕು ಅನ್ನುವವರಿಗೆ 'ತಿಥಿ'ಯನ್ನು ನೆನಪಿಸುತ್ತೇವೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಹಳ್ಳಿಯವರೇ ನಟಿಸಿದ ಸಿನಿಮಾ ಅದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಅಂಥ ಸಿನಿಮಾದಲ್ಲಿ ನಟಿಸಬಲ್ಲ ಜನರಿಗೆ ಸಿನಿಮಾ ಅಳೆಯಲು ಬರುವುದಿಲ್ಲವೇ?

ನಾವು ಕೇಳುವುದು ದೊಡ್ಡದೇನಲ್ಲ. ಪತ್ರಿಕೆಯವರು ವಿಮರ್ಶೆಯ ಸಂಭಾವನೆ ಜೊತೆ ಟಿಕೆಟ್ಟಿನ ದುಡ್ಡನ್ನು ಬೇರೆಯಾಗಿ ಕೊಡಲಿ. ಪುಕ್ಕಟೆ ನೋಡಿದ್ದರೆ ಕೆಳಗೆ ಒಂದು ಸಾಲು ಹಾಕಲಿ: 'ನಿರ್ಮಾಪಕರ ಆಹ್ವಾನದ ಮೇಲೆ ಉಚಿತವಾಗಿ ನೋಡಿದ್ದು.' ದುಡ್ಡು ಕೊಟ್ಟಿದ್ದರೆ ಎಲ್ಲಿ, ಯಾವ ಆಟ, ಎಷ್ಟು ರೂಪಾಯಿ ಅಂತ ಬರೆಯಲಿ. ಆಗುವಾಗಲೆಲ್ಲ ಸಿನಿಮಾವನ್ನು ಜನರ ಮಧ್ಯೆ ನೋಡಲಿ. ರಾಜಾಜಿನಗರದ ನವರಂಗ್‌ನಲ್ಲೋ ಮಾಗಡಿ ರಸ್ತೆಯ ವೀರೇಶ್‌ನಲ್ಲೋ ಕೂತರೆ ಜನ ಎಲ್ಲಿ ಶಿಳ್ಳೆ ಹೊಡೆದರು, ಎಲ್ಲಿ ಫೋನು ತೆಗೆದು ವಾಟ್ಸಾಪ್ ನೋಡಲು ಶುರು ಮಾಡಿದರು ಅಂತ ಗೊತ್ತಾಗುತ್ತದೆ. ಪ್ರೆಸ್ ಶೋದಲ್ಲಿ ಎಲ್ಲರೂ ಕೊನೆಯಲ್ಲಿ ಚಪ್ಪಾಳೆ ತಟ್ಟುತ್ತಾರೆ, ನಿರ್ಮಾಪಕರು ಬಾಗಿಲಲ್ಲಿ ನಿಂತಿರುತ್ತಾರಲ್ಲ.

ಬೇರೆಯವರಿಗೆ ಹೇಳುವ ಮೊದಲು ನಾವು ಮಾಡಬೇಕು. ಇನ್ನು ಮುಂದೆ ಈ ಬ್ಲಾಗಿನಲ್ಲಿ ಸ್ಟಾರ್ ಇರುವುದಿಲ್ಲ. ವಾರಕ್ಕೆ ಒಂದೇ ಸಿನಿಮಾ, ನಾವು ನಾಲ್ಕು ಜನ ದುಡ್ಡು ಹಾಕಿ ಒಂದೇ ಟಿಕೆಟ್ ಕೊಳ್ಳುತ್ತೇವೆ, ಸರದಿ ಮೇಲೆ ಒಬ್ಬರು ಹೋಗುತ್ತಾರೆ. ಬೆಲೆ, ಟಾಕೀಸು, ಊರಿಗೆ ಕೊನೆಯ ಬಸ್ಸು ಸಿಗುತ್ತದಾ ಇಲ್ಲವಾ, ಎಲ್ಲ ಬರೆಯುತ್ತೇವೆ. ಐದು ಸಿನಿಮಾದ ಬಗ್ಗೆ ಸುಳ್ಳು ಬರೆಯುವ ಬದಲು ಒಂದರ ಬಗ್ಗೆ ನಿಜ ಬರೆಯುತ್ತೇವೆ.

ಚಿಕ್ಕಪ್ಪ ಆಮೇಲೆ ಟಾಕೀಸಿನ ಕಡೆ ಬಂದಿಲ್ಲ. ಹೋದ ವಾರ ಫೋನ್ ಮಾಡಿದಾಗ ಹಸು ಕರು ಹಾಕಿದ್ದು, ಮಳೆ ಬಾರದ್ದು ಎಲ್ಲ ಹೇಳಿದರು. ಪಿಚ್ಚರ್ ಹೆಂಗೈತೆ ಅಂತ ಮಾತ್ರ ಕೇಳಲಿಲ್ಲ. ಮತ್ತೆ ಅವರು ಅದನ್ನು ಕೇಳುವ ಹಾಗೆ ಮಾಡುವುದು ನಮ್ಮ ಕೆಲಸ.