ಯಾರೂ ಓದದ ಸೂಚನಾ ಫಲಕ

ವಿಧಾನಸೌಧದಲ್ಲಿ ಶಿಕ್ಷಣ ಸಚಿವರೊಬ್ಬರು ಬದಲಾದರೆ ಅದು ಮುಖಪುಟದ ಸುದ್ದಿಯಾಗುತ್ತದೆ. ಚಹಾದಂಗಡಿಯಿಂದ ಮಸೀದಿಯ ಅಂಗಳದವರೆಗೂ ಅದರ ಚರ್ಚೆ ನಡೆಯುತ್ತದೆ. ಆದರೆ ಕಳಸದ ಆಚೆ, ತೋಟಗಳ ನಡುವಿನ ಕಿರಿಯ ಪ್ರಾಥಮಿಕ ಶಾಲೆಯಿಂದ ಓರ್ವ ಶಿಕ್ಷಕಿ ವರ್ಗವಾಗಿ ಹೋದರೆ ಅದು ಎಲ್ಲಿಯೂ ಸುದ್ದಿಯಾಗುವುದಿಲ್ಲ. ಸಚಿವರು ಬದಲಾದುದರಿಂದ ಆ ಊರಿನ ಮಗುವಿನ ದಿನಚರಿಯಲ್ಲಿ ಏನೂ ಬದಲಾಗದೆ ಇರಬಹುದು. ಶಿಕ್ಷಕಿ ಹೋದ ಮರುದಿನದಿಂದಲೇ ಆ ಮಗುವಿನ ಪಾಲಿಗೆ ಎಲ್ಲವೂ ಬದಲಾಗುತ್ತದೆ. ಹಾಗಿದ್ದರೂ ನಾವು ಮೊದಲಿನದ್ದನ್ನು ರಾಜಕೀಯವೆಂದೂ ಎರಡನೆಯದ್ದನ್ನು ಕಚೇರಿಯ ವ್ಯವಹಾರವೆಂದೂ ಕರೆದು ಸುಮ್ಮನಾಗುತ್ತೇವೆ.

ಪ್ರತಿಯೊಂದು ಶೈಕ್ಷಣಿಕ ವಲಯದಲ್ಲೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ. ಅಲ್ಲಿನ ಸೂಚನಾ ಫಲಕದಲ್ಲಿ ಎರಡು ಬಗೆಯ ಸುದ್ದಿಗಳಿರುತ್ತವೆ. ಒಂದು, ಸಿಬ್ಬಂದಿಯ ಸುದ್ದಿ: ಯಾರು ವರ್ಗವಾದರು, ಯಾರಿಗೆ ಬಡ್ತಿ ದೊರೆಯಿತು, ಯಾರನ್ನು ಎಲ್ಲಿಗೆ ನಿಯೋಜಿಸಲಾಯಿತು, ಅರುವತ್ತು ತುಂಬಿದ ಯಾರು ಈ ತಿಂಗಳ ಕೊನೆಯಲ್ಲಿ ನಿವೃತ್ತರಾಗುತ್ತಾರೆ ಎಂಬುದು. ಇನ್ನೊಂದು, ಮುಂಬರುವ ಕಾರ್ಯಕ್ರಮಗಳ ಸುದ್ದಿ: ತರಬೇತಿ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಿದ್ಯಾರ್ಥಿವೇತನದ ಪರೀಕ್ಷೆ, ವೈದ್ಯಕೀಯ ತಪಾಸಣಾ ಶಿಬಿರ ಇತ್ಯಾದಿ. ಕಚೇರಿಯಿಂದ ಸಮೂಹ ಸಂಪನ್ಮೂಲ ವ್ಯಕ್ತಿಗೆ, ಅಲ್ಲಿಂದ ಮುಖ್ಯ ಶಿಕ್ಷಕರ ಮೊಬೈಲಿಗೆ ಈ ಸುದ್ದಿ ಇಳಿದುಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದು ಅಲ್ಲಿಯೇ ನಿಂತುಬಿಡುತ್ತದೆ. ಹೆತ್ತವರ ಮನೆ ತಲುಪುವುದಿಲ್ಲ. ತಲುಪಬೇಕೆಂದು ನಾವು ಕೇಳಿದ್ದೂ ಕಡಿಮೆ.

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದಂತಹ ಗುಡ್ಡಗಾಡಿನಲ್ಲಿ ಸಿಬ್ಬಂದಿಯ ಸುದ್ದಿಗೆ ಬಯಲುಸೀಮೆಯಲ್ಲಿ ಇಲ್ಲದ ತೂಕವಿದೆ. ಪಟ್ಟಣದ ಶಾಲೆಯಲ್ಲಿ ಎಂಟು ಮಂದಿ ಶಿಕ್ಷಕರಿದ್ದು ಒಬ್ಬರು ಹೋದರೆ ಉಳಿದ ಏಳು ಮಂದಿ ಪಾಠಗಳನ್ನು ಹಂಚಿಕೊಳ್ಳುತ್ತಾರೆ. ಇಬ್ಬರೇ ಇರುವ ಶಾಲೆಯಿಂದ ಒಬ್ಬರು ಹೋದರೆ ಐದು ತರಗತಿಗಳು ಒಬ್ಬರ ಹೆಗಲಿಗೆ ಬೀಳುತ್ತವೆ. ಆ ಒಬ್ಬರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಹಾಜರಾತಿಯನ್ನು ಅಂತರ್ಜಾಲಕ್ಕೆ ಏರಿಸಬೇಕು, ಸಭೆಗೆಂದು ತಾಲ್ಲೂಕು ಕೇಂದ್ರಕ್ಕೂ ಹೋಗಬೇಕು. ಅವರು ಸಭೆಗೆ ಹೋದ ದಿನ ಶಾಲೆಯಲ್ಲಿ ಪಾಠ ಮಾಡುವವರು ಯಾರು? ಈ ಪ್ರಶ್ನೆಗೆ ಕಚೇರಿಯ ಯಾವ ಸುತ್ತೋಲೆಯಲ್ಲೂ ಉತ್ತರವಿರುವುದಿಲ್ಲ.

ಶಿಕ್ಷಕರ ವರ್ಗಾವಣೆ ಶಿಫಾರಸು ಪತ್ರಗಳ ಮೇಲೆ ನಡೆಯುತ್ತಿದ್ದ ಕಾಲವೊಂದಿತ್ತು. ಅದನ್ನು ನಿಯಂತ್ರಿಸಲೆಂದೇ ರಾಜ್ಯದಲ್ಲಿ 2007ರಲ್ಲಿ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು. 2020ರಲ್ಲಿ ಅದರ ಬದಲಿಗೆ ಹೊಸ ಕಾಯ್ದೆ ಬಂತು. ಪಟ್ಟಣ ಪ್ರದೇಶಗಳನ್ನು ಎ ವಲಯವೆಂದೂ ದೂರದ ಹಳ್ಳಿಗಳನ್ನು ಸಿ ವಲಯವೆಂದೂ ವಿಂಗಡಿಸಿ, ಕೌನ್ಸೆಲಿಂಗ್ ಮೂಲಕ ಸ್ಥಳ ಆರಿಸಿಕೊಳ್ಳುವ ವ್ಯವಸ್ಥೆ ಜಾರಿಯಲ್ಲಿದೆ. ಶಿಫಾರಸಿನ ಹಾವಳಿಯನ್ನು ತಡೆಯುವಲ್ಲಿ ಇದು ಒಳ್ಳೆಯ ಹೆಜ್ಜೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೌನ್ಸೆಲಿಂಗ್‌ನ ಪರದೆಯ ಮೇಲೆ ಮೂಡುವ ಖಾಲಿ ಸ್ಥಳಗಳಲ್ಲಿ ಮಲೆನಾಡಿನ ಮೂಲೆಯ ಶಾಲೆಯನ್ನು ಸ್ವಇಚ್ಛೆಯಿಂದ ಆರಿಸಿಕೊಳ್ಳುವವರು ಎಷ್ಟು ಮಂದಿ? ಕೊಟ್ಟಿಗೆಹಾರ ದಾಟಿದ ಮೇಲೆ ಮಳೆಗಾಲದಲ್ಲಿ ಯಾವಾಗ ಮರ ಉರುಳುತ್ತದೆ, ಯಾವಾಗ ಮಣ್ಣು ಜರಿಯುತ್ತದೆ ಎಂದು ಹೇಳಲಾಗದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂತಹ ಊರುಗಳು ಅನುಭವಿಸಿದ್ದನ್ನು ನಾವು ಮರೆತಿಲ್ಲ. ಭದ್ರೆ ಉಕ್ಕಿದಾಗ ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ನೀರಿನಡಿಗೆ ಹೋಗುತ್ತದೆ. ಬಾಡಿಗೆ ಮನೆ ಸಿಗದ, ಸಂಜೆಯ ಬಸ್ಸು ತಪ್ಪಿದರೆ ದಾರಿಯೇ ಇಲ್ಲದ ಊರಿನಿಂದ ಓರ್ವ ತಾಯಿ ವರ್ಗಾವಣೆ ಬಯಸಿದರೆ ಅದನ್ನು ಕರ್ತವ್ಯಭ್ರಷ್ಟತೆ ಎನ್ನಲಾಗದು. ಹಾಗೆಂದು, ಅವರು ಬಿಟ್ಟುಹೋದ ಮಕ್ಕಳಿಗೆ ಆದ ನಷ್ಟವನ್ನು ಯಾರೂ ತುಂಬದಿರುವುದನ್ನು ನ್ಯಾಯವೆನ್ನಲೂ ಆಗದು.

ಈ ನಷ್ಟವನ್ನು ತುಂಬುವ ಹೊಣೆಯನ್ನು ಕಾನೂನು ಸರಕಾರದ ಮೇಲೆ ಹೊರಿಸಿದೆ. 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಐದನೆಯ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಆರರಿಂದ ಎಂಟನೆಯ ತರಗತಿಗಳಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರಿರಬೇಕು. ಒಂದು ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವ ಪ್ರಮಾಣ ಶೇ. 10ನ್ನು ಮೀರಬಾರದು. ನಾಲ್ಕು ಹುದ್ದೆಗಳಿರುವ ಶಾಲೆಯಲ್ಲಿ ಒಂದು ಖಾಲಿಯಾದರೂ ಅದು ಶೇ. 25 ಆಗುತ್ತದೆ. ಅಂದರೆ ನಮ್ಮ ಸಣ್ಣ ಶಾಲೆಗಳಲ್ಲಿ ಒಂದೇ ಒಂದು ಹುದ್ದೆ ಖಾಲಿ ಉಳಿದರೂ ಕಾನೂನಿನ ಮಿತಿ ಮೀರಿದಂತೆಯೇ. ನಡೆಯುತ್ತಿರುವುದಾದರೂ ಏನು? ರಾಜ್ಯದಲ್ಲಿ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆಯಲಾಯಿತು. ನ್ಯಾಯಾಲಯದ ವಿವಾದಗಳನ್ನು ದಾಟಿ ಆಯ್ಕೆಯಾದವರ ಕೈಗೆ ಆದೇಶ ಪತ್ರ ಸೇರುವಾಗ 2023 ಬಂದಿತ್ತು. ಆಗಲೂ ಎಲ್ಲ ಹುದ್ದೆಗಳು ಭರ್ತಿಯಾಗಲಿಲ್ಲ. ಉಳಿದ ತೂತುಗಳಿಗೆ ಪ್ರತಿ ವರ್ಷ ಅತಿಥಿ ಶಿಕ್ಷಕರ ತೇಪೆ ಹಾಕಲಾಗುತ್ತಿದೆ. 2025-26ರ ಸಾಲಿನಲ್ಲಿ ಅವರ ಸಂಖ್ಯೆ ಸುಮಾರು 50 ಸಾವಿರ. ಖಾಯಂ ಶಿಕ್ಷಕರ ಸಂಬಳದ ಒಂದು ಸಣ್ಣ ಪಾಲಿನಷ್ಟು ಗೌರವಧನಕ್ಕೆ, ಮುಂದಿನ ವರ್ಷ ಕೆಲಸ ಇರುತ್ತದೆಯೇ ಎಂಬ ಖಾತರಿಯಿಲ್ಲದೆ ದುಡಿಯುವ ಈ ಯುವಕ ಯುವತಿಯರೇ ಎಷ್ಟೋ ಶಾಲೆಗಳ ಬಾಗಿಲು ಮುಚ್ಚದಂತೆ ಹಿಡಿದು ನಿಂತಿದ್ದಾರೆ. 'ಅತಿಥಿ' ಎಂದು ಕರೆದು ಆಳಿನಂತೆ ದುಡಿಸುವುದು ಯಾವ ಸಂಸ್ಕೃತಿ?

ಉರ್ದು ಶಾಲೆಗಳ ಸ್ಥಿತಿ ಇನ್ನಷ್ಟು ಸೂಕ್ಷ್ಮ. ಕನ್ನಡ ಶಾಲೆಯಲ್ಲಿ ಹುದ್ದೆ ಖಾಲಿಯಾದರೆ ಪಕ್ಕದ ಶಾಲೆಯಿಂದ ಯಾರನ್ನಾದರೂ ನಿಯೋಜಿಸಬಹುದು. ಉರ್ದು ಶಾಲೆಗೆ ಉರ್ದು ಬಲ್ಲವರೇ ಬೇಕು. ಮಲೆನಾಡಿನಲ್ಲಿ ಅಂತಹ ಶಾಲೆಗಳೇ ಬೆರಳೆಣಿಕೆಯಷ್ಟಿದ್ದು ಒಂದರಿಂದ ಇನ್ನೊಂದಕ್ಕೆ ದೂರವೂ ಹೆಚ್ಚು. ಹೀಗಾಗಿ ಅಲ್ಲಿ ಒಂದು ನಿವೃತ್ತಿಯೆಂದರೆ ಕೆಲವೊಮ್ಮೆ ಒಂದು ಶಾಲೆಯ ಅಂತ್ಯದ ಆರಂಭ. ಶಿಕ್ಷಕರಿಲ್ಲವೆಂದು ಹೆತ್ತವರು ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳಿಲ್ಲವೆಂದು ಇಲಾಖೆ ಹುದ್ದೆಯನ್ನು 'ಹೆಚ್ಚುವರಿ' ಎಂದು ಗುರುತಿಸಿ ಎತ್ತಿಕೊಂಡು ಹೋಗುತ್ತದೆ. ಶಾಲೆ ಮುಚ್ಚಿದ ಮೇಲೆ ನಾವು ಮನವಿ ಪತ್ರ ಹಿಡಿದು ಹೊರಡುತ್ತೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ ಅಲ್ಲವೇ? ನಿವೃತ್ತಿಯ ದಿನಾಂಕವಂತೂ ಯಾರಿಗೂ ಗುಟ್ಟಲ್ಲ. ಸೇವೆಗೆ ಸೇರಿದ ದಿನವೇ ಅದು ಸೇವಾ ಪುಸ್ತಕದಿಂದ ತಿಳಿಯುತ್ತದೆ. ಶಿಕ್ಷಕರಿಗೆ ಶಾಲು ಹೊದೆಸಿ ಬೀಳ್ಕೊಡುವ ಸಮಾರಂಭಕ್ಕೆ ಒಂದು ವರ್ಷ ಮೊದಲೇ ಆ ಹುದ್ದೆಗೆ ಬರುವವರು ಯಾರೆಂದು ಕೇಳುವುದು ಊರಿನ ಹಿರಿಯರ ಕರ್ತವ್ಯ.

ಇನ್ನು ಕಾರ್ಯಕ್ರಮಗಳ ಪಟ್ಟಿ. ಇದನ್ನು ಓದದೆ ನಾವು ಕಳೆದುಕೊಳ್ಳುತ್ತಿರುವುದಕ್ಕೆ ಲೆಕ್ಕವಿಟ್ಟವರಿಲ್ಲ. ಸರಕಾರಿ ಅಥವಾ ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಗು ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ ಎಂಟನೆಯ ತರಗತಿವರೆಗಿನವರಿಗೆ ನಿಲ್ಲಿಸಿದಾಗ ನಾವು ಪ್ರತಿಭಟಿಸಿದೆವು. ಅದು ಸರಿಯಾದ ಪ್ರತಿಭಟನೆಯೇ ಆಗಿತ್ತು. ಆದರೆ ಇರುವ ಪರೀಕ್ಷೆಗೆ ಅರ್ಜಿ ಹಾಕದಿರುವುದಕ್ಕೆ ಯಾರ ವಿರುದ್ಧ ಪ್ರತಿಭಟಿಸೋಣ? ಬಾಳೆಹೊನ್ನೂರಿನ ನವೋದಯ ವಿದ್ಯಾಲಯಕ್ಕೆ ಐದನೆಯ ತರಗತಿಯಲ್ಲಿರುವಾಗಲೇ ಅರ್ಜಿ ಸಲ್ಲಿಸಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೆಯ ತರಗತಿಯೇ ಪ್ರವೇಶದ ಬಾಗಿಲು. ಅಂಗವಿಕಲ ಮಕ್ಕಳಿಗೆಂದು ಏರ್ಪಡುವ ತಪಾಸಣಾ ಶಿಬಿರದ ದಿನಾಂಕ ತೋಟದ ಲೈನ್ ಮನೆಗೆ ತಲುಪದಿದ್ದರೆ ಒಂದು ಮಗು ಶ್ರವಣ ಸಾಧನವಿಲ್ಲದೆ ಇನ್ನೊಂದು ವರ್ಷ ಕಳೆಯುತ್ತದೆ. ಆ ಮಗುವನ್ನು ನಾವು 'ದಡ್ಡ' ಎಂದು ಕರೆಯುತ್ತೇವೆ. ಅದಕ್ಕೆ ಪಾಠವೇ ಕೇಳಿಸಿರುವುದಿಲ್ಲ.

ಅದೇ ವೇಳೆ, ಪಾಠಕ್ಕಿಂತ ಕಾರ್ಯಕ್ರಮಗಳೇ ಹೆಚ್ಚಾಗುತ್ತಿವೆ ಎಂಬ ಶಿಕ್ಷಕರ ದೂರಿನಲ್ಲೂ ಹುರುಳಿದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಗಣತಿದಾರರನ್ನಾಗಿ ಬಳಸಲಾಯಿತು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಹಿಂದುಳಿದವರ ನಿಜ ಸ್ಥಿತಿ ತಿಳಿಯಲು ಅಂತಹ ಸಮೀಕ್ಷೆ ಬೇಕು. 2006ರ ಸಾಚಾರ್ ವರದಿಯ ಅಂಕಿಅಂಶಗಳಿಲ್ಲದಿದ್ದರೆ ನಮ್ಮ ಸಮುದಾಯದ ಶೈಕ್ಷಣಿಕ ಬಡತನವನ್ನು ಯಾರೂ ಒಪ್ಪುತ್ತಿರಲಿಲ್ಲ. ಆದರೆ ಹಿಂದುಳಿದವರನ್ನು ಎಣಿಸಲು ಹಿಂದುಳಿದವರ ಮಕ್ಕಳ ತರಗತಿಯನ್ನೇ ಖಾಲಿ ಮಾಡಬೇಕೇ? ಖಾಸಗಿ ಶಾಲೆಯ ಮಗುವಿಗೆ ಕಳೆದ ದಿನಗಳನ್ನು ಮನೆಪಾಠದಿಂದ ತುಂಬಿಸಿಕೊಳ್ಳುವ ಅನುಕೂಲವಾದರೂ ಇದೆ. ಕೂಲಿಯವರ ಮಗುವಿಗೆ ಅದಿಲ್ಲ. ಕಾಯ್ದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ನಿಗದಿಪಡಿಸಿದೆ. ಮಲೆನಾಡಿನಲ್ಲಿ ಜುಲೈ, ಆಗಸ್ಟ್ ತಿಂಗಳ ಮಳೆ ರಜೆಗಳು ಇದರಿಂದ ಮೊದಲೇ ತಮ್ಮ ಪಾಲನ್ನು ಪಡೆದಿರುತ್ತವೆ. ನವೆಂಬರಿನಿಂದ ಕಾಫಿ ಕೊಯ್ಲು ಆರಂಭವಾದಾಗ ಕೂಲಿಗೆಂದು ಬರುವ ವಲಸೆ ಕುಟುಂಬಗಳ ಮಕ್ಕಳು ವರ್ಷದ ನಡುವೆ ಶಾಲೆಯ ಬಾಗಿಲಿಗೆ ಬರುತ್ತಾರೆ, ಕೊಯ್ಲು ಮುಗಿದಾಗ ಹೊರಟುಹೋಗುತ್ತಾರೆ. ಇಲಾಖೆಯ ವೇಳಾಪಟ್ಟಿ ಮಳೆಯನ್ನೂ ಕೊಯ್ಲನ್ನೂ ಬಲ್ಲವರ ಕೈಯಲ್ಲಿ ತಯಾರಾಗಬೇಕಿದೆ.

ಸರಕಾರವನ್ನು ಟೀಕಿಸಿದಷ್ಟೇ ನೇರವಾಗಿ ನಮ್ಮನ್ನೂ ಕೇಳಿಕೊಳ್ಳೋಣ. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ಬಂದವು. ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ನಮ್ಮ ತಾಯಂದಿರಿಗೆ ಕಾನೂನು ಕೊಟ್ಟ ಆ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ? ಹೆಸರು ತಾಯಿಯದ್ದು, ಸಹಿ ಮನೆಗೆ ಬಂದು ಪಡೆದದ್ದು ಎಂಬಂತಾಗಿದ್ದರೆ ಅದಕ್ಕೆ ಇಲಾಖೆಯನ್ನು ಮಾತ್ರ ದೂರುವಂತಿಲ್ಲ. ರಾಜಕೀಯ ಸಮಾವೇಶಕ್ಕೆ ಬಸ್ಸು ತುಂಬಿ ಹೋಗುವ ನಾವು, 'ಸಮುದಾಯದತ್ತ ಶಾಲೆ' ಕಾರ್ಯಕ್ರಮದಂದು ಮಗುವಿನ ಉತ್ತರ ಪತ್ರಿಕೆ ನೋಡಲು ನೂರು ಹೆಜ್ಜೆ ನಡೆಯುವುದಿಲ್ಲ. ಮದುವೆ ಮಂಟಪಕ್ಕೆ ಲಕ್ಷ ಸುರಿಯುವ ಊರಿನಲ್ಲಿ ಶಿಕ್ಷಕಿಗೆ ಬಾಡಿಗೆಗೊಂದು ಸುರಕ್ಷಿತ ಮನೆ ಸಿಗುವುದಿಲ್ಲ.

ಹೀಗಿರುವಾಗ ಮಾಡಬಹುದಾದುದೇನು? ದೊಡ್ಡ ಆಂದೋಲನದ ಅಗತ್ಯವಿಲ್ಲ. ಪ್ರತಿಯೊಂದು ಜಮಾಅತ್, ಪ್ರತಿಯೊಂದು ಯುವಕ ಸಂಘ, ಪ್ರತಿಯೊಂದು ಮಹಿಳಾ ಬಳಗ ಒಬ್ಬರನ್ನು ನಿಯುಕ್ತಿಗೊಳಿಸಲಿ. ಅವರು ತಿಂಗಳಿಗೊಮ್ಮೆ ಶಿಕ್ಷಣಾಧಿಕಾರಿಗಳ ಕಚೇರಿಗೆ ಭೇಟಿ ನೀಡಿ ಎರಡು ಪಟ್ಟಿ ತರಲಿ. ಒಂದು, ಖಾಲಿ ಹುದ್ದೆಗಳದ್ದು; ಇನ್ನೊಂದು, ಮುಂದಿನ ತಿಂಗಳ ಕಾರ್ಯಕ್ರಮಗಳು ಮತ್ತು ಅರ್ಜಿಯ ಕೊನೆಯ ದಿನಾಂಕಗಳದ್ದು. ಶುಕ್ರವಾರದ ನಮಾಝಿನ ನಂತರ ಎರಡು ನಿಮಿಷ ಅದನ್ನು ಓದಿ ಹೇಳಲಿ. ಮಹಿಳೆಯರಿಗೆ ತಲುಪುವ ಮಾರ್ಗವನ್ನು ಬೇರೆಯಾಗಿಯೇ ಯೋಚಿಸಲಿ. ಕಚೇರಿಯು ಮಾಹಿತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಿಬ್ಬಂದಿಯ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು, ಶುಲ್ಕ 10 ರೂಪಾಯಿ. ಶಿಕ್ಷಕರಿಲ್ಲದ ಶಾಲೆಯ ಬಗ್ಗೆ ಲಿಖಿತ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರವು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹಾಗೆಯೇ, ದೂರದಿಂದ ಬರುವ ಶಿಕ್ಷಕರು ಯಾವ ಧರ್ಮದವರೇ ಆಗಿರಲಿ, ಅವರಿಗೆ ಒಂದು ಮನೆ, ಮಳೆಗಾಲದಲ್ಲಿ ಒಂದು ವಾಹನದ ಆಸರೆ ಒದಗಿಸುವುದು ಊರಿಗೆ ಭಾರವಲ್ಲ. ಶಿಕ್ಷಕರನ್ನು ಉಳಿಸಿಕೊಳ್ಳುವ ಊರಿನ ಶಾಲೆಯೇ ಉಳಿಯುತ್ತದೆ.

ಇದನ್ನು ಕೇವಲ ನಮ್ಮ ಸಮುದಾಯದ ಬೇಡಿಕೆಯಾಗಿ ಮಂಡಿಸಬೇಕಾಗಿಯೂ ಇಲ್ಲ. ಅದೇ ಶಾಲೆಯ ಅದೇ ಬೆಂಚಿನಲ್ಲಿ ದಲಿತರ ಮಗು, ಗಿರಿಜನರ ಮಗು, ದೂರದಿಂದ ಬಂದ ಕೂಲಿಯವರ ಮಗು ಕೂಡಾ ಕುಳಿತಿದೆ. ಶಿಕ್ಷಕರಿಲ್ಲದ ತರಗತಿಯಲ್ಲಿ ಎಲ್ಲರಿಗೂ ಸಿಗುವ ಪಾಠ ಒಂದೇ. ಖಾಲಿ ಹುದ್ದೆಗಾಗಿ ಈ ಎಲ್ಲ ಮಕ್ಕಳ ಹೆತ್ತವರು ಒಟ್ಟಾಗಿ ಒಂದು ಅರ್ಜಿಗೆ ಸಹಿ ಹಾಕಿದರೆ ಅದರ ತೂಕವೇ ಬೇರೆ. ಭಾಷಣಗಳು ಕಟ್ಟಲಾಗದ ಸೌಹಾರ್ದವನ್ನು ಅಂತಹ ಒಂದು ಅರ್ಜಿ ಕಟ್ಟಬಲ್ಲದು.

ಫಲಿತಾಂಶ ಬಂದ ದಿನ ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂದು ಕೇಳುವುದು ಸುಲಭ. ಆ ಸ್ಥಾನ ನಿರ್ಧಾರವಾಗುವುದು ಮಾತ್ರ ಅದಕ್ಕೂ ಎಷ್ಟೋ ಮೊದಲು, ಕೌನ್ಸೆಲಿಂಗ್ ನಡೆದ ದಿನ, ಹುದ್ದೆ ಖಾಲಿಯಾದ ದಿನ, ಅರ್ಜಿಯ ಕೊನೆಯ ದಿನಾಂಕ ದಾಟಿದ ದಿನ. ಆ ದಿನಗಳ ವಿವರ ಕಚೇರಿಯ ಗೋಡೆಯ ಮೇಲೆ ಅಂಟಿಕೊಂಡಿದೆ. ಅದನ್ನು ಓದಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದಾರೆ?